ಗುರೇಝ್‌ನ ದಿಮ್ಮಿ ಮನೆಗಳು

ಶ್ರೀನಗರದಿಂದ ಬಂಡೀಪೋರಾ ಮಾರ್ಗವಾಗಿ ರಾಜ್ದಾನ್ ಘಾಟಿ ದಾಟಿದರೆ ನೀವು ಗುರೇಝ್ ಕಣಿವೆಗೆ ತಲುಪುತ್ತೀರಿ. ಸುಮಾರು 8,000 ಅಡಿ ಎತ್ತರದಲ್ಲಿ, ಕಿಶನ್‌ಗಂಗಾ ನದಿಯ ದಡದಲ್ಲಿರುವ ಈ ಹಳ್ಳಿಗಳಲ್ಲಿ ಶಿನಾ ಭಾಷೆಯಾಡುವ ಮುಸ್ಲಿಮರು ವಾಸಿಸುತ್ತಾರೆ. ಚಳಿಗಾಲದಲ್ಲಿ ಭಾರೀ ಹಿಮ ಬಿದ್ದಾಗ ರಸ್ತೆ ಸಂಪರ್ಕವೇ ಕಡಿದುಹೋಗುತ್ತದೆ. ಆಗ ಅವರಿಗೆ ಆಸರೆಯಾಗುವುದು ಮರದ ದಿಮ್ಮಿಗಳ ಮನೆ.

ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಪೇರಿಸಿ, ಮೂಲೆಗಳಲ್ಲಿ ಕಚ್ಚು ಕೊರೆದು ಕೂಡಿಸುತ್ತಾರೆ. ಸಂದುಗಳಿಗೆ ಮಣ್ಣು ಮೆತ್ತುತ್ತಾರೆ. ಇದರ ಗುಟ್ಟೇನು ಗೊತ್ತೇ? ಮರದ ಸಣ್ಣ ಸಣ್ಣ ಕೋಶಗಳಲ್ಲಿ ಗಾಳಿ ತುಂಬಿರುತ್ತದೆ. ಹೀಗೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ಸುಲಭವಾಗಿ ಹೊರಬಿಡದು. ಅಷ್ಟೇ ದಪ್ಪದ ಕಾಂಕ್ರೀಟ್ ಗೋಡೆಯಾದರೆ ಸುಮಾರು 10 ಪಟ್ಟು ಹೆಚ್ಚು ಶಾಖ ಸೋರಿಹೋಗುತ್ತದೆ. ಸಂಜೆ ಬುಖಾರಿ ಒಲೆ ಹೊತ್ತಿಸಿದಾಗ ದಿಮ್ಮಿಗಳು ಬಿಸಿಯನ್ನು ಹೀರಿಕೊಂಡು, ಬೆಂಕಿ ನಂದಿದ ಮೇಲೆ ಮೆಲ್ಲನೆ ಹಿಂದಿರುಗಿಸುತ್ತವೆ. ಮಾಡಿನ ಮೇಲಿನ ಹಗುರ ಹಿಮವೂ ಒಂದು ಹೊದಿಕೆಯೇ!

ಆದರೆ ಬೆಚ್ಚನೆಯ ಆಸೆಗೆ ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಕೆಂಡವಿಟ್ಟು ಮಲಗುವುದು ಅಪಾಯ. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಪ್ರಾಣ ತೆಗೆಯಬಲ್ಲದು. ಮಲಗುವಾಗ ಮನೆಯಲ್ಲಿ ಬೆಂಕಿಯನ್ನು ಉರಿಯಲು ಬಿಡಬಾರದೆಂದು ಪ್ರವಾದಿ ಮುಹಮ್ಮದರು(ಸ) 14 ಶತಮಾನಗಳ ಹಿಂದೆಯೇ ಕಲಿಸಿದ್ದಾರೆ. ಮಕ್ಕಳೊಂದಿಗೆ ಚಳಿನಾಡಿಗೆ ಪ್ರವಾಸ ಹೊರಡುವ ನೀವೂ ಇದನ್ನು ಮರೆಯದಿರಿ. ರಾತ್ರಿ ಕೆಂಡವನ್ನು ಹೊರಗೆ ಹಾಕಿ, ಕಂಬಳಿ ಹೊದ್ದು ಮಲಗಿರಿ. ಉಳಿದ ಕೆಲಸವನ್ನು ಆ ಮರದ ಗೋಡೆಗಳು ಅಲ್ಲಾಹನ ಅನುಗ್ರಹದಿಂದ ಮಾಡುತ್ತವೆ.