ಹಡಗು ಕಟ್ಟುವವರ ಊರಿನಲ್ಲಿ ಎರಡು ದಿನ

ನಮ್ಮ ಗುಳೇದಗುಡ್ಡದಿಂದ ಸಮುದ್ರ ಬಲು ದೂರ. ನಮ್ಮಲ್ಲಿರುವುದು ಗುಡ್ಡ, ಬಿಸಿಲು ಮತ್ತು ಮಗ್ಗದ ಸಪ್ಪಳ. ಆಯುಷ್ಯವೆಲ್ಲ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಎಪ್ಪತ್ತು ದಾಟಿದ ಮೇಲೆ ಮಾಸ್ತರನಾಗುವ ಯೋಗ ಬಂತು, ಅದೂ ಪರದೇಶದಲ್ಲಿ! ಮಗಳು ಒಮಾನ್ ದೇಶದ ಮಸ್ಕತ್‌ನಲ್ಲಿ ಶಾಲಾ ಶಿಕ್ಷಕಿ. ಚಳಿಗಾಲದ ಮೂರು ತಿಂಗಳು ಅವಳ ಮನೆಯಲ್ಲಿದ್ದಾಗ ಮೊಮ್ಮಗಳಿಗೂ ಅದೇ ಕಟ್ಟಡದ ನಾಲ್ಕು ಕನ್ನಡದ ಮಕ್ಕಳಿಗೂ ಸಂಜೆ ಹೊತ್ತು ಕನ್ನಡ ಕಲಿಸಿದೆ. ಬಿ.ಕಾಂ. ಓದಿದವನಿಗೆ ಬ್ಯಾಲೆನ್ಸ್ ಶೀಟ್ ಹೊಂದಿಸುವುದಕ್ಕಿಂತ ಕಾಗುಣಿತ ಕಲಿಸುವುದೇ ಕಷ್ಟವೆಂದು ಆಗ ತಿಳಿಯಿತು.

'ಹ' ಅಕ್ಷರಕ್ಕೆ 'ಹಡಗು' ಎಂದು ಬರೆಸಿದ ದಿನ ಮೊಮ್ಮಗಳು, "ಅಜ್ಜಾ, ಹಡಗ ಹೆಂಗ ಕಟ್ತಾರ?" ಎಂದಳು. ನನಗೇನು ಗೊತ್ತು? ಮಗಳು ಅಡುಗೆಮನೆಯಿಂದಲೇ, "ಅಪ್ಪಾ, ಸೂರ್‌ಗೆ ಹೋಗೂಣು. ಅಲ್ಲಿ ಇನ್ನೂ ಕಟ್ಟಿಗಿ ಹಡಗ ಮಾಡ್ತಾರ. ಶುಕ್ರವಾರ, ಶನಿವಾರ ಸೂಟಿ ಐತಲ್ಲ" ಎಂದಳು. ಒಮಾನಿನಲ್ಲಿ ವಾರದ ರಜೆ ಆ ಎರಡು ದಿನ.

ಮಸ್ಕತ್‌ನಿಂದ ಸೂರ್ ಊರಿಗೆ ಸುಮಾರು 200 ಕಿಲೋಮೀಟರ್. ದಾರಿಯುದ್ದಕ್ಕೂ ಒಂದು ಕಡೆ ಹುಲ್ಲುಕಡ್ಡಿಯಿಲ್ಲದ ಬೆಟ್ಟ, ಇನ್ನೊಂದು ಕಡೆ ನೀಲಿ ಕಡಲು. ಪೆಟ್ರೋಲ್ ಬಂಕಿನಲ್ಲಿ ಚಿಲ್ಲರೆ ಕೈಗೆ ಬಂದಾಗ ನನ್ನ ಹಳೆಯ ಚಾಳಿ ಎಚ್ಚರಾಯಿತು. ಇಲ್ಲಿ ಒಂದು ರಿಯಾಲ್‌ಗೆ 1000 ಬೈಸಾ. 'ಬೈಸಾ' ಎಂದರೆ ಮತ್ತೇನಲ್ಲ, ನಮ್ಮ 'ಪೈಸಾ'! ಒಂದು ಕಾಲಕ್ಕೆ ಇಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಈ ಕಡೆಯ ನಾಡುಗಳಿಗಾಗಿಯೇ 'ಗಲ್ಫ್ ರೂಪಾಯಿ' ಎಂಬ ಬೇರೆ ಬಣ್ಣದ ನೋಟು ಹೊರಡಿಸಿತ್ತು. ಒಮಾನಿನಲ್ಲಿ ಅದು 1970ರವರೆಗೂ ಚಲಾವಣೆಯಲ್ಲಿತ್ತು.

ದಾರಿಯಲ್ಲಿ ಬಿಮ್ಮಾ ಎಂಬಲ್ಲಿ ನೆಲ ಕುಸಿದು ಆದ ದೊಡ್ಡ ಕುಳಿಯಿದೆ. ಅದರ ತುಂಬ ಹಸಿರು-ನೀಲಿ ನೀರು. ಆಕಾಶದಿಂದ ನಕ್ಷತ್ರ ಬಿದ್ದು ಆ ಕುಳಿಯಾಯಿತೆಂದು ಅಲ್ಲಿನವರು ಕಥೆ ಹೇಳುತ್ತಾರೆ. ನಿಜವಾಗಿ, ಸುಣ್ಣದ ಕಲ್ಲನ್ನು ನೀರು ಒಳಗಿನಿಂದ ಕರಗಿಸುತ್ತ ಬಂದು ಮೇಲಿನ ನೆಲ ಕುಸಿದದ್ದು. ಮೊಮ್ಮಗಳಿಗೆ ಎರಡನ್ನೂ ಹೇಳಿದೆ. ಅವಳು ನಕ್ಷತ್ರವನ್ನೇ ಆರಿಸಿಕೊಂಡಳು!

ಸೂರ್ ಪುಟ್ಟ ಊರು. ಬಿಳಿ ಮನೆಗಳು, ಊರೊಳಗೆ ನುಗ್ಗಿ ಬಂದ ಹಿನ್ನೀರು, ಆಚೆ ದಡದಲ್ಲಿ ದೀಪಸ್ತಂಭ. ಹಿನ್ನೀರಿನ ದಂಡೆಯಲ್ಲೇ ಹಡಗು ಕಟ್ಟುವ ಜಾಗ. ಅರ್ಧ ಕಟ್ಟಿದ ಹಡಗೊಂದು ಊರುಗೋಲುಗಳ ಮೇಲೆ ನಿಂತಿತ್ತು. ಕೆಲಸದಲ್ಲಿದ್ದ ಬಡಿಗ ಕೇರಳದವನು. ಹಲಗೆಯ ಮೇಲೆ ಕೈಯಾಡಿಸಿ, "ಇದು ಸಾಗವಾನಿ ಅಲ್ಲವೇ?" ಎಂದು ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ. "ಹೌದು, ಇವರು ಸಾಜ್ ಅಂತಾರೆ" ಎಂದ. ಸಾಜ್, ಸಾಗವಾನಿ: ಹೆಸರು ಕೂಡ ಮರದ ಸಂಗಡವೇ ಕಡಲು ದಾಟಿತ್ತು. ಒಮಾನಿನಲ್ಲಿ ಹಡಗಿಗೆ ಬೇಕಾಗುವಂಥ ದೊಡ್ಡ ಮರಗಳಿಲ್ಲ. ನೂರಾರು ವರ್ಷಗಳಿಂದ ಅವರು ಮರ ತರಿಸಿದ್ದು ನಮ್ಮ ಪಶ್ಚಿಮ ಕರಾವಳಿಯಿಂದ.

ಹಳೆಯ ಪದ್ಧತಿಯಲ್ಲಿ ಹಡಗಿಗೆ ನಕ್ಷೆ ಇರಲಿಲ್ಲ. ಹಿರಿಯ ಬಡಿಗನ ಕಣ್ಣಳತೆಯೇ ನಕ್ಷೆ. ಮೊದಲು ಹೊರಗಿನ ಹಲಗೆಗಳನ್ನು ಜೋಡಿಸಿ, ಆಮೇಲೆ ಒಳಗೆ ಪಕ್ಕೆಲುಬಿನಂಥ ತೊಲೆಗಳನ್ನು ಕೂಡಿಸುತ್ತಿದ್ದರು. ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಬತ್ತಿಯನ್ನು ಬಡಿದು ತುಂಬಿದರೆ ನೀರು ಒಳಗೆ ಬರುವುದಿಲ್ಲ. ಹತ್ತಿಗೆ ಹೀಗೂ ಒಂದು ಕೆಲಸವಿದೆಯೆಂದು ನೇಕಾರನ ಮಗನಾದ ನನಗೂ ಗೊತ್ತಿರಲಿಲ್ಲ.

ಅದಕ್ಕಿಂತ ಸೋಜಿಗದ ಸಂಗತಿ ಮುಂದಿದೆ. ಮೊದಲೆಲ್ಲ ಈ ಹಡಗುಗಳಿಗೆ ಮೊಳೆಯೇ ಇರಲಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು! ಇದು ಕಟ್ಟುಕಥೆಯಲ್ಲ ಎಂದು ತೋರಿಸಲು ಟಿಮ್ ಸೆವೆರಿನ್ ಎಂಬ ಸಾಹಸಿ 1980ರಲ್ಲಿ ಇದೇ ಸೂರ್‌ನಲ್ಲಿ 'ಸೊಹಾರ್' ಎಂಬ ಹಡಗು ಕಟ್ಟಿಸಿದ. ಮರ ಮಲಬಾರಿನದು, ನಮ್ಮ ಮಲೆನಾಡಿನವರು ಹೆಬ್ಬಲಸು ಎನ್ನುವ ಜಾತಿ. ಹೊಲಿಯಲು ಲಕ್ಷದ್ವೀಪದ ಕುಶಲಿಗಳು ಬಂದರು. ಒಂದೂ ಮೊಳೆಯಿಲ್ಲದ ಆ ಹಡಗು ಮಸ್ಕತ್‌ನಿಂದ ಹೊರಟು 1981ರಲ್ಲಿ ಚೀನಾದ ಕ್ಯಾಂಟನ್ ಮುಟ್ಟಿತು. "ಅಂದ್ರ ಹಡಗಕ್ಕೂ ಹೊಲಿಗಿ ಹಾಕ್ತಾರ, ಅಂಗಿಗತೆ!" ಎಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಆ ರಾತ್ರಿ ರಾಸ್ ಅಲ್ ಜಿನ್ಸ್ ಎಂಬ ತೀರಕ್ಕೆ ಹೋದೆವು. ಅಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ದೀಪ ಹಚ್ಚುವಂತಿಲ್ಲ, ಸದ್ದು ಮಾಡುವಂತಿಲ್ಲ, ಮಾರ್ಗದರ್ಶಕ ಹೇಳಿದಲ್ಲಿ ನಿಲ್ಲಬೇಕು. ನಮ್ಮ ಹಿಟ್ಟಿನ ಪರಾತಕ್ಕಿಂತ ದೊಡ್ಡ ಚಿಪ್ಪಿನ ಆಮೆಯೊಂದು ಮರಳು ತೋಡಿ ಮೊಟ್ಟೆಯಿಡುತ್ತಿತ್ತು. ಹೀಗೆ ಒಂದು ಸಲಕ್ಕೆ ಸುಮಾರು 100 ಮೊಟ್ಟೆ! ಅದರ ಕಣ್ಣಿಂದ ನೀರು ಇಳಿಯುತ್ತಿತ್ತು. "ಅಜ್ಜಾ, ಅಳಾಕತ್ತೈತಿ" ಎಂದು ಮೊಮ್ಮಗಳು ಪಿಸುಗುಟ್ಟಿದಳು. ಅದು ಅಳುವಲ್ಲ, ಮೈಯಲ್ಲಿ ಹೆಚ್ಚಾದ ಉಪ್ಪನ್ನು ಆಮೆ ಹೊರಹಾಕುವ ರೀತಿ ಎಂದು ಮಾರ್ಗದರ್ಶಕ ತಿಳಿಸಿದ. ಎಷ್ಟು ದೂರ ಈಜಿ ಹೋದರೂ, ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣಾಮೆ ತಾನು ಹುಟ್ಟಿದ ತೀರದ ಕಡೆಗೇ ಮರಳುತ್ತದಂತೆ.

ಶನಿವಾರ ಬೆಳಿಗ್ಗೆ ಮರಳಿ ಬಂದ ಇನ್ನೊಂದನ್ನು ಕಂಡೆವು. ಅದೂ ಹಡಗೇ, ಹೆಸರು 'ಫತಹ್ ಅಲ್ ಖೈರ್'. 1951ರಲ್ಲಿ ಸೂರ್‌ನಲ್ಲೇ ಕಟ್ಟಿದ್ದು. ಈಗ ದಂಡೆಯ ಮೇಲೆ ನಿಲ್ಲಿಸಿದ್ದಾರೆ. ಹಿಂದೆ ಇಲ್ಲಿನ ಹಡಗುಗಳು ಖರ್ಜೂರ ಹೇರಿಕೊಂಡು ನಮ್ಮ ಬಂದರುಗಳಿಗೆ ಬರುತ್ತಿದ್ದವು. ಚಳಿಗಾಲದ ಈಶಾನ್ಯ ಗಾಳಿ ಹಿಡಿದು ಆಫ್ರಿಕಾದ ಜಂಜಿಬಾರಿಗೆ ಹೋಗಿ, ಗಾಳಿ ದಿಕ್ಕು ಬದಲಿಸಿದ ಮೇಲೆ ನೈಋತ್ಯದ ಗಾಳಿ ಹಿಡಿದು ಮರಳುತ್ತಿದ್ದವು. ನಮ್ಮ ರೈತರು ಕಾಯುವ 'ಮಾನ್ಸೂನ್' ಕೂಡ ಅರಬ್ಬೀ ಮಾತೇ. 'ಮೌಸಿಮ್' ಎಂದರೆ ಋತು.

ಉಗಿಹಡಗು, ಲಾರಿ, ವಿಮಾನ ಬಂದಂತೆ ಹಾಯಿಹಡಗಿಗೆ ಕೆಲಸ ತಪ್ಪಿತು. ಊರಿನ ದೊಡ್ಡ ಹಡಗುಗಳು ಒಂದೊಂದಾಗಿ ಕಣ್ಮರೆಯಾದವು. 'ಫತಹ್ ಅಲ್ ಖೈರ್' ಯೆಮನ್ ದೇಶದವರ ಪಾಲಾಗಿತ್ತು. ಆಗ ಸೂರ್‌ನ ಜನ ಏನು ಮಾಡಿದರು ಗೊತ್ತೇ? ಊರವರೇ ಪಟ್ಟಿ ಹಾಕಿ ಹಣ ಕೂಡಿಸಿ, 1993ರಲ್ಲಿ ಅದನ್ನು ಕೊಂಡು ಮನೆಗೆ ತಂದರು. ಅದರಿಂದ ಲಾಭವೇನೂ ಬರುವಂತಿರಲಿಲ್ಲ. ಆದರೂ 'ಇದು ನಮ್ಮ ಕೈಯ ಕೆಲಸ, ನಮ್ಮೂರಲ್ಲೇ ಇರಲಿ' ಎಂದರು. ಲೆಡ್ಜರಿನ ಲೆಕ್ಕಕ್ಕೆ ಸಿಗದ ಈ ಖರ್ಚು ನನ್ನ ಮನಸ್ಸಿಗೆ ನಾಟಿತು.

ಗುಳೇದಗುಡ್ಡದ ಖಣ ನಿಮಗೆ ಗೊತ್ತಲ್ಲ? ಹಾಸಿಗೆ ರೇಷ್ಮೆ, ಹೊಕ್ಕಿಗೆ ಹತ್ತಿ. ಬಟ್ಟೆಯ ಮೇಲೆ ತೇರು, ಆನೆ ಹೆಜ್ಜೆ ಮೂಡುತ್ತವೆ. ಇಳಕಲ್ ಸೀರೆಗೆ ಜೋಡಿ ಅದೇ ಕುಬಸ, ಉಡಿ ತುಂಬಲೂ ಅದೇ ಖಣ. ನಾನು ಹುಡುಗನಿದ್ದಾಗ ನಮ್ಮ ಓಣಿಯಲ್ಲಿ ಮನೆಮನೆಗೂ ಮಗ್ಗ. ಈಗ ಬೆರಳು ಮಡಿಚಿ ಎಣಿಸಬಹುದು. ನನ್ನ ತಮ್ಮ ಇನ್ನೂ ಅಪ್ಪನ ಮಗ್ಗದಲ್ಲೇ ಕೂಡುತ್ತಾನೆ. ಅವನ ಮಗ, 'ಇದರಾಗ ಹೊಟ್ಟಿ ತುಂಬೂದಿಲ್ಲ' ಎಂದು ಬೆಂಗಳೂರಿನ ಕೆಲಸ ಹುಡುಕುತ್ತಿದ್ದಾನೆ. ಅವನ ಮಾತೂ ಸುಳ್ಳಲ್ಲ. ಕೊಳ್ಳುವವರಿಲ್ಲದೆ ನೇಯುವವನು ಎಷ್ಟು ದಿನ ಕೂತಾನು?

ಹಡಗು ಕೈಬಿಟ್ಟು ಹೋದ ಮೇಲೆ ಕೊಂಡು ತರಬಹುದು. ಆದರೆ ನೇಯುವ ಕೈ ಹೋದರೆ ಯಾವ ದೇಶದಿಂದ ಕೊಂಡು ತರುವುದು? ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿ, ನನ್ನ ಐವರು ವಿದ್ಯಾರ್ಥಿಗಳ ಮನೆಗೂ ಒಂದೊಂದು ಖಣ ಬೇಕು ಎಂದೆ. "ಹಾಸು ಮಗ್ಗದ ಮ್ಯಾಲ ಐತಿ ಅಣ್ಣಾ, ಹದಿನೈದು ದಿನ ತಡಿ" ಎಂದ. ಅವನ ದನಿಯಲ್ಲಿ ಹುರುಪಿತ್ತು.

ಮಕ್ಕಳೇ, ಅಜ್ಜಿಯ ಟ್ರಂಕಿನಲ್ಲಿ ಒಂದು ಹಳೆಯ ಖಣ ಇದ್ದೇ ಇರುತ್ತದೆ. ತೆಗೆಸಿ ನೋಡಿ. ಹಾಸು ಯಾವುದು, ಹೊಕ್ಕು ಯಾವುದು ಎಂದು ಕೇಳಿ. ಬಾದಾಮಿ ನೋಡಲು ಬಂದರೆ ನಮ್ಮೂರು ಅಲ್ಲಿಂದ ದೂರವೇನಿಲ್ಲ. ಮಗ್ಗದ ಸಪ್ಪಳ ಕೇಳಿದ ಮನೆಯ ಬಾಗಿಲಲ್ಲಿ ನಿಂತು ಕರೆದರೆ, ಒಳಗೆ ಕರೆದು ಲಾಳಿ ಓಡುವುದನ್ನು ತೋರಿಸಿಯೇ ಕಳಿಸುತ್ತಾರೆ.