ಕುಚ್ಚು ಕಟ್ಟುವ ಕೈ

ಜನವರಿ 28, 2025, ಮಂಗಳವಾರ

ಮಾಘದ ಮದುವೆಗಳ ಸೀರೆ ಮಂಚದ ತುಂಬ ರಾಶಿ ಬಿದ್ದಿದೆ. ಎಡ ಹೆಗಲು ಕಲ್ಲಾಗಿದೆ. ಸೆರಗಿಗೆ ಬೇಬಿ ಕುಚ್ಚು, ಮಣಿ ಕುಚ್ಚು ಹಾಕುತ್ತ ಕೂತರೆ ಬಗ್ಗಿಸಿದ ಕತ್ತು ಎತ್ತುವುದೇ ಮರೆಯುತ್ತದೆ. ನರಕ್ಕೇನೂ ಆಗಿಲ್ಲ, ಸ್ನಾಯು ಬಿಗಿದಿದೆ ಅಂದರು ಡಾಕ್ಟರು. ಶಿಯಾಟ್ಸು ಅಂತ ಬೆರಳಿನಿಂದ ಒತ್ತುವ ಚಿಕಿತ್ಸೆ ಇದೆ, ಮಾಡಿಸಿಕೊಂಡು ನೋಡಿ ಅಂತಾಳೆ ಸೊಸೆ. ಇವರು ಪೇಪರಿನಿಂದ ತಲೆಯೆತ್ತಿ, "ಜಪಾನಿನವರದ್ದಾ? ಹಾಗಾದರೆ ನಂಬಬಹುದು" ಅಂದರು. ವಾಚ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರಿಗೆ ಜಪಾನ್ ಅಂದರೆ ಸಿಟಿಜನ್ ಕಂಪನಿ. 1961ರಲ್ಲಿ ಅದರ ಸಹಯೋಗದಿಂದಲೇ ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಾಚು ಶುರುವಾಗಿದ್ದು. ಈಗಲೂ ದಿನಾ ಬೆಳಗ್ಗೆ ಕೀ ಕೊಟ್ಟು ಅದನ್ನೇ ಕಟ್ಟುತ್ತಾರೆ.

ಫೆಬ್ರವರಿ 2, ಭಾನುವಾರ

ಜಾಲಹಳ್ಳಿ ಕ್ರಾಸ್ ಹತ್ತಿರ, ಮಹಡಿ ಮೇಲಿನ ಸಣ್ಣ ಕೋಣೆ. ಎಣ್ಣೆ ಹಚ್ಚುವುದಿಲ್ಲ, ಬಟ್ಟೆ ತೆಗೆಯಬೇಕಿಲ್ಲ. ಅರ್ಧ ಸಂಕೋಚ ಅಲ್ಲೇ ಹೋಯಿತು. ಮೊದಲು ಶಿಯಾಟ್ಸು ಮಾಡುವ ಹುಡುಗಿಯ ವಿಚಾರಣೆ: ಮೂಳೆ ಸವೆದಿದೆಯಾ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತೀರಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ, ಕೈ ಜೋಮು ಹಿಡಿಯುತ್ತಾ? ಆಮೇಲೆ ನೆಲದ ಹಾಸಿಗೆಯಲ್ಲಿ ಬೋರಲು ಮಲಗಿಸಿ, ಬೆನ್ನುಮೂಳೆಯ ಪಕ್ಕದಲ್ಲಿ ಹೆಬ್ಬೆರಳು ಊರಿ, ತನ್ನ ಮೈಭಾರವನ್ನು ಮೆಲ್ಲಗೆ ಬಿಟ್ಟಳು ಆ ಹುಡುಗಿ. ತಿಕ್ಕುವುದಿಲ್ಲ, ಉಜ್ಜುವುದಿಲ್ಲ. ನೇರ ಒತ್ತಿ, ನಾನು ಉಸಿರು ಬಿಡುವವರೆಗೂ ಹಾಗೇ ಇದ್ದು, ಮುಂದಿನ ಜಾಗಕ್ಕೆ ಹೋಗುತ್ತಾಳೆ. ಹೆಗಲ ಗಂಟಿನ ಮೇಲೆ ಬೆರಳು ನಿಂತಾಗ ಮಾತ್ರ ಅಯ್ಯೋ ಅಂದೆ, ಮರುಗಳಿಗೆಗೆ ಅಲ್ಲೇ ಇನ್ನೂ ಸ್ವಲ್ಪ ಅಂದೆ. ರಾತ್ರಿ ಒಂದೇ ನಿದ್ದೆ.

ಫೆಬ್ರವರಿ 9, ಭಾನುವಾರ

ಇವತ್ತು ಕತೆ ಹೇಳುತ್ತ ಒತ್ತಿದಳು. ಶಿಯಾಟ್ಸುವಿಗೆ ಹೆಸರು ತಂದ ತೊಕುಜಿರೊ ನಮಿಕೊಶಿ ಹುಟ್ಟಿದ್ದು 1905ರಲ್ಲಿ. ಹುಡುಗನಾಗಿದ್ದಾಗ ಮನೆಮಂದಿ ಚಳಿಯ ಹೊಕ್ಕೈಡೊಗೆ ವಲಸೆ ಹೋದರಂತೆ. ಅಲ್ಲಿ ತಾಯಿಗೆ ಕೀಲುನೋವು. ಮಕ್ಕಳೆಲ್ಲ ಸರದಿಯಲ್ಲಿ ಒತ್ತುತ್ತಿದ್ದರೂ ಅವಳಿಗೆ ಹಿತವಾದದ್ದು ಇವನ ಕೈ. 1925ರಲ್ಲಿ ಹೊಕ್ಕೈಡೊದಲ್ಲೇ ಚಿಕಿತ್ಸಾಲಯ, 1940ರಲ್ಲಿ ಟೋಕಿಯೊದಲ್ಲಿ ಶಾಲೆ. 1954ರಲ್ಲಿ ಜಪಾನಿಗೆ ಬಂದ ಮರ್ಲಿನ್ ಮನ್ರೋಗೆ ಒತ್ತಿದ್ದೂ ಇವನೇ. ಮನೆಗೆ ಬಂದು ಹೇಳಿದರೆ ಇವರು ನೆನಪಿಟ್ಟುಕೊಂಡಿದ್ದು ಅದೊಂದನ್ನೇ.

ನನಗೆ ಅತ್ತೆಯ ಕಾಲು ನೆನಪಾಯಿತು. ಅಡುಗೆಮನೆ ತೊಳೆದಾದ ಮೇಲೆ, ಅವರಿಗೆ ನಿದ್ದೆ ಹತ್ತುವವರೆಗೆ ಒತ್ತಬೇಕಿತ್ತು. ಒತ್ತುವವಳ ಕೈಯೂ ನೋಯುತ್ತದೆ ಅನ್ನುವುದು ಆ ಮನೆಯಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಈ ಹುಡುಗಿಗೆ ಮೊದಲ ಪಾಠವೇ ಅದಂತೆ: ಬೆರಳ ಬಲ ಖರ್ಚು ಮಾಡಬೇಡ, ಸೊಂಟದಿಂದ ಬಾಗಿ ಭಾರ ಬಿಡು, ಇಲ್ಲವಾದರೆ ಹೆಬ್ಬೆರಳು ಹಾಳಾಗುತ್ತದೆ.

ಫೆಬ್ರವರಿ 20, ಗುರುವಾರ

ಸೊಸೆ ನರ್ಸು, ಸುಮ್ಮನೆ ಹೊಗಳುವವಳಲ್ಲ. ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿದ 2011ರ ಪರಿಶೀಲನೆಯೊಂದನ್ನು ಓದಿ ಹೇಳಿದಳು. ನೋವು, ವಾಕರಿಕೆ, ನಿದ್ರಾಹೀನತೆಗೆ ಆಕ್ಯುಪ್ರೆಶರ್ ಪರವಾಗಿ ಒಂದಿಷ್ಟು ಪುರಾವೆ ಇದೆಯಂತೆ. ಶಿಯಾಟ್ಸುವಿಗೆ ಅಷ್ಟೂ ಇಲ್ಲ. ಜಪಾನಿನಲ್ಲಿ ಇದನ್ನು ಮಾಡಲು ಮೂರು ವರ್ಷ ಓದಿ ರಾಷ್ಟ್ರೀಯ ಪರೀಕ್ಷೆ ಪಾಸಾಗಬೇಕು, ಇಲ್ಲಿ ಬೋರ್ಡು ತೂಗುಹಾಕಿದವರನ್ನೆಲ್ಲ ನಂಬಬೇಡಿ ಅಂತಲೂ ಎಚ್ಚರಿಸಿದಳು. ಇರಲಿ. ಮೈಯೊಳಗೆ "ಕಿ" ಅನ್ನುವ ಶಕ್ತಿ ಹರಿಯುತ್ತದೆಯೋ ಇಲ್ಲವೋ ನನಗೆ ಬೇಡ. ಒಂದು ಗಂಟೆ ಯಾರೂ "ಅಮ್ಮಾ" ಅಂತ ಕರೆಯದೆ, ಕೈಯಲ್ಲಿ ಸೂಜಿಯಿಲ್ಲದೆ ಮಲಗಿರುತ್ತೇನಲ್ಲ, ಗುಣದ ಅರ್ಧಪಾಲು ಅದರದ್ದೇ ಇರಬೇಕು.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಜಾಗರಣೆಯಲ್ಲಿ ಕೂತು ಲೆಕ್ಕ ಹಾಕಿದೆ. ಒಂದು ಸಲ ಒತ್ತಿಸಿಕೊಂಡರೆ ನಾಲ್ಕು ಸೀರೆಯ ಕುಚ್ಚಿನ ದುಡ್ಡು ಹೋಗುತ್ತದೆ. ಕುಚ್ಚು ಕಟ್ಟಿ ಹೆಗಲು ಬಿಗಿಸಿಕೊಳ್ಳುವುದು, ಹೆಗಲು ಸಡಿಲಿಸಲು ಮತ್ತೆ ಕುಚ್ಚು ಕಟ್ಟುವುದು, ಇದು ಎಲ್ಲಿಯ ವ್ಯಾಪಾರ? ಶಿಯಾಟ್ಸು ಬಿಡುವುದಿಲ್ಲ, ತಿಂಗಳಿಗೊಮ್ಮೆ ಸಾಕು. ಉಳಿದದ್ದು ಮನೆಯಲ್ಲೇ ಆಗಬೇಕು. ಸೀರೆ ಸಿಕ್ಕಿಸುವ ಹಲಗೆಯನ್ನು ಇವರು ಎದೆಮಟ್ಟಕ್ಕೆ ಎತ್ತರಿಸಿ ಕೊಟ್ಟಿದ್ದಾರೆ. ಒಂದು ಸಾಲು ಮುಗಿದರೆ ಎದ್ದು ಓಡಾಡಬೇಕು. ಸಂಜೆ ಅಂಗಡಿಯವರಿಗೂ ಫೋನ್ ಮಾಡಿದೆ: ಇನ್ನು ಮೇಲೆ ಇವತ್ತು ಕೊಟ್ಟು ನಾಳೆ ಬೇಕು ಅನ್ನುವ ಸೀರೆಗೆ ರೇಟು ಬೇರೆ. ಗೊಣಗುತ್ತಲೇ ಒಪ್ಪಿದರು.