ಕೆಲವರಲ್ಲಿ ಇರುವುದಿಲ್ಲ

ಎಂಬಿಬಿಎಸ್ ಮೊದಲ ವರ್ಷ ನಾನು ಅನಾಟಮಿಯಲ್ಲಿ ಫೇಲಾದೆ. ಮನೆಯಲ್ಲಿ ‘ಪೇಪರ್ ಕಷ್ಟ ಇತ್ತು’ ಎಂದೆ. ನಿಜವಾದ ಕಾರಣ ಒಂದು ಕೆನ್ನೆ.

ಡಿಸೆಕ್ಷನ್ ಹಾಲ್‌ನಲ್ಲಿ ನಮ್ಮ ಟೇಬಲ್ಲಿಗೆ ಹತ್ತು ಮಂದಿ. ಬಲಗೆನ್ನೆ ಬಿಡಿಸುವ ದಿನ ಸ್ಕ್ಯಾಲ್ಪೆಲ್ ನನ್ನ ಕೈಯಲ್ಲಿತ್ತು. ಕಿವಿಯ ಮುಂದಿರುವ ಪ್ಯಾರೊಟಿಡ್, ಜೊಲ್ಲುಗ್ರಂಥಿಗಳಲ್ಲೆಲ್ಲ ದೊಡ್ಡದು. ಮಂಗಬಾವು ಬಂದಾಗ ಊದಿಕೊಳ್ಳುವುದು ಇದೇ. ಅದರಿಂದ ಹೊರಟ ಸುಮಾರು 5 ಸೆಂ.ಮೀ. ಉದ್ದದ ನಾಳ, ಅಗಿಯುವ ಸ್ನಾಯುವಾದ ಮ್ಯಾಸಿಟರ್ ಮೇಲೆ ಅಡ್ಡ ಹಾದು, ಅದರ ಅಂಚಿನಲ್ಲಿ ಗಕ್ಕನೆ ಒಳಕ್ಕೆ ತಿರುಗಿ, ಮೇಲಿನ ಎರಡನೇ ದವಡೆಹಲ್ಲಿನ ಎದುರು ಬಾಯೊಳಗೆ ತೆರೆಯುತ್ತದೆ. ಇಷ್ಟನ್ನು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದೆ. ಆ ತಿರುವಿನ ಬಳಿ ಕೊಬ್ಬಿನ ಉಂಡೆಯೊಂದಿರುತ್ತದೆ. ಊಟದ ಹೊತ್ತು ಮೀರಿತ್ತು. ಉಂಡೆಯನ್ನು ಬೇಗ ತೆಗೆದು ಮುಗಿಸುವ ಆತುರದಲ್ಲಿ, ಒದ್ದೆ ಶಾವಿಗೆಗಿಂತ ತುಸು ದಪ್ಪಗಿದ್ದ ಬೆಳ್ಳನೆಯ ಎಳೆಯನ್ನೂ ಕೊಯ್ದುಬಿಟ್ಟೆ.

ಏನಾಯಿತೆಂದು ತಕ್ಷಣ ಗೊತ್ತಾಯಿತು. ಎರಡೂ ತುದಿಗಳನ್ನು ಫೋರ್ಸೆಪ್ಸ್‌ನಿಂದ ಒಳಕ್ಕೆ ತಳ್ಳಿ ಮೇಲೆ ಕೊಬ್ಬು ಹರಡಿದೆ. ಪಕ್ಕದಲ್ಲಿದ್ದ ಗೆಳೆಯ ಕೇಳಿದ, ‘ಡಕ್ಟ್ ಎಲ್ಲೋ?’ ‘ಕೆಲವರಲ್ಲಿ ಇರಲ್ಲ ಕಣೋ’ ಎಂದೆ. ಅವನು ನೋಟ್ಸಿನಲ್ಲಿ ಹಾಗೇ ಬರೆದುಕೊಂಡ.

ವೈವಾದಲ್ಲಿ ಅದನ್ನೇ ಹೇಳಿ ಬೈಸಿಕೊಂಡ. ಮುಂದಿನ ಸರದಿ ನನ್ನದು.

ಮೇಡಂ ಶವ ತೋರಿಸಲೇ ಇಲ್ಲ. ‘ನಿನ್ನ ಮುಖದಲ್ಲೇ ತೋರ್ಸಪ್ಪ’ ಎಂದರು. ನಾನು ದವಡೆಯ ಮೂಲೆ ಮುಟ್ಟಿದೆ. ‘ಅಲ್ಲ. ಹಲ್ಲು ಕಚ್ಚು. ಗಟ್ಟಿಯಾಯ್ತಲ್ಲ, ಅದು ಮ್ಯಾಸಿಟರ್. ಅದರ ಮುಂದಿನ ಅಂಚಲ್ಲಿ ಬೆರಳು ಮೇಲೆ ಕೆಳಗೆ ಆಡಿಸು.’ ಬೆರಳ ಕೆಳಗೆ ದಾರದಂಥದ್ದು ಉರುಳಿತು. 1660ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆ ಕೊಯ್ಯುತ್ತಿದ್ದ ನೀಲ್ಸ್ ಸ್ಟೆನ್ಸನ್ ಇದರೊಳಗೆ ಸಲಾಕೆ ತೂರಿಸಿದಾಗ ಅದು ಹಲ್ಲಿಗೆ ತಾಗಿ ಸದ್ದಾಯಿತಂತೆ. ಅವನೂ ವಿದ್ಯಾರ್ಥಿಯೇ, 22 ವರ್ಷದವನು. ನನ್ನ ಕೆನ್ನೆಯಲ್ಲೇ ಇದ್ದದ್ದನ್ನು ನಾನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

‘ಜೊಲ್ಲು ಸುರಿಸು ಅಂತ ಈ ಗ್ರಂಥಿಗೆ ಹೇಳೋ ನರ ಯಾವುದು?’

‘ಫೇಷಿಯಲ್, ಮೇಡಂ.’ ಅದು ಗ್ರಂಥಿಯೊಳಗೇ ಐದು ಕವಲಾಗುವುದನ್ನು ಚಿತ್ರದಲ್ಲಿ ನೋಡಿದ್ದೆನಲ್ಲ!

‘ಮನೆ ಮುಂದೆ ಹಾದುಹೋಗೋ ಲೈನೆಲ್ಲ ನಮ್ಮನೆಗೇ ಕರೆಂಟು ಕೊಡಲ್ಲಪ್ಪ.’ ಗ್ರಂಥಿಗೆ ಅಪ್ಪಣೆ ಬರುವುದು ಒಂಬತ್ತನೆಯ ಕಪಾಲ ನರದಿಂದ. ಏಳನೆಯದಾದ ಫೇಷಿಯಲ್ ಅದರೊಳಗೆ ಹಾದು, ಮುಖಭಾವದ ಸ್ನಾಯುಗಳಿಗೆ ಹೋಗುತ್ತದೆ, ಅಷ್ಟೇ. ಮ್ಯಾಸಿಟರ್ ಸೇರಿ ಅಗಿಯುವ ನಾಲ್ಕು ಸ್ನಾಯುಗಳದ್ದು ಐದನೆಯ ನರ. ಸಪ್ಲಿಮೆಂಟರಿ ಕಟ್ಟಿ ಪಾಸಾದೆ. ಕೊಯ್ದ ಸಂಗತಿಯನ್ನು ಮಾತ್ರ ಬಾಯಿ ಬಿಡಲಿಲ್ಲ.

ವರ್ಷಗಳ ನಂತರ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ, ಕುಡುಗೋಲು ತಾಗಿ ಕೆನ್ನೆ ಸೀಳಿಸಿಕೊಂಡ ರೈತರೊಬ್ಬರು ಬಂದರು. ಸಿಸ್ಟರ್ ಹೊಲಿಗೆ ಟ್ರೇ ಸಿದ್ಧ ಮಾಡಿದ್ದರು. ಸೂಜಿ ಎತ್ತಿಕೊಂಡವನು ನಿಂತೆ. ಕಿವಿಯ ಮುಂದಿನ ಚಿಕ್ಕ ದಿಬ್ಬದಿಂದ ಮೇಲ್ತುಟಿಯ ಕಡೆಗೆ ಮನಸ್ಸಿನಲ್ಲೇ ಗೆರೆ ಎಳೆದೆ. ಗಾಯ ಅದರ ನಡುಭಾಗವನ್ನೇ ದಾಟಿತ್ತು. ನಾಳ ಇರುವುದು ಅಲ್ಲೇ. ‘ಯಜಮಾನ್ರೇ, ಒಮ್ಮೆ ಹಲ್ಲು ಕಿರೀರಿ’ ಎಂದೆ. ತುಟಿ ಎರಡೂ ಕಡೆ ಸಮನಾಗಿ ಎದ್ದಿತು, ನರ ಉಳಿದಿತ್ತು. ಕಿವಿಯ ಮುಂದೆ ಮೆಲ್ಲಗೆ ಒತ್ತಿದೆ. ಒರೆಸಿ ಒಣಗಿಸಿದ್ದ ಗಾಯದೊಳಗೆ ತಿಳಿನೀರಿನಂಥ ಒಂದು ಹನಿ ಮೂಡಿತು.

ಹಾಗೇ ಹೊಲಿದಿದ್ದರೆ ಜೊಲ್ಲು ಒಳಗೇ ತುಂಬಿ ಊದುತ್ತಿತ್ತು, ಇಲ್ಲವೇ ತುತ್ತು ಬಾಯಿಗಿಟ್ಟಾಗಲೆಲ್ಲ ಕೆನ್ನೆಯಿಂದ ಸುರಿಯುತ್ತಿತ್ತು. ಹಸಿ ಬಟ್ಟೆ ಮುಚ್ಚಿ ಜಿಲ್ಲಾಸ್ಪತ್ರೆಗೆ ಕಳಿಸಿದೆ. ಚೀಟಿಯಲ್ಲಿ ‘ನಾಳ ತುಂಡಾಗಿದೆ’ ಎಂದು ಬರೆದೆ.

ಬೆಳಗ್ಗೆ ಪಾಳಿ ಮುಗಿದ ಕೂಡಲೇ ಗೆಳೆಯನಿಗೆ ಫೋನ್ ಮಾಡಿ, ಅದೇ ಮಾತನ್ನು ಹೇಳಿದೆ, ಆ ಬಲಗೆನ್ನೆಯ ಬಗ್ಗೆ.